ರೆಯ್ನಾಳ ಮಗನ ಕ್ಷಮಾದಾನ

ಹಿಜ್ಕಿಯಾ ಮೆವೊರಾಖ್ ಇಸ್ರೇಲಿನ ಅಧ್ಯಕ್ಷನಾದ ದಿನ ತಿಬೇರಿಯದ ಮೀನುಪೇಟೆಯಲ್ಲಿ ಯಾರೂ ಬಲೆ ಬಿಚ್ಚಲಿಲ್ಲ. ರೇಡಿಯೊದವರು ಬಂದು ರೆಯ್ನಾಳನ್ನು ಹುಡುಕಿ ಹಿಡಿದು, "ನಿಮ್ಮೂರ ಹುಡುಗ ಚಿಕ್ಕಂದಿನಲ್ಲಿ ಹೇಗಿದ್ದರು?" ಎಂದು ಕೇಳಿದರು.

"ಹೊಟ್ಟೆಬಾಕ," ಅಂದಳು ರೆಯ್ನಾ. "ನನ್ನ ಪಾಲಿನ ಹಾಲನ್ನೂ ಕುಡಿದು ಬೆಳೆದ. ಇನ್ನೇನು ಹೇಳ್ಲಿ?"

ದೇಶವೆಲ್ಲ ನಕ್ಕಿತು. ಜೆರುಸಲೇಮಿನಲ್ಲಿ ಹಿಜ್ಕಿಯಾನೂ ನಕ್ಕ. ಮಾತು ನಿಜವೇ ಆಗಿತ್ತು. ಅವನನ್ನು ಹೆತ್ತ ವಾರವೇ ಅವನ ತಾಯಿ ವಿಷಮಶೀತ ಜ್ವರದಿಂದ ಮಲಗಿದಾಗ, ಅದೇ ಅಂಗಳದ ಎದುರು ಮನೆಯ ಲೂನಾ ತನ್ನ ಹಸುಗೂಸು ರೆಯ್ನಾಳನ್ನು ಒಂದು ಮೊಲೆಗೂ ಇವನನ್ನು ಇನ್ನೊಂದಕ್ಕೂ ಹಾಕಿಕೊಂಡಳು. ತಾಯಿ ಚೇತರಿಸಿಕೊಂಡು ಏಳುವ ಹೊತ್ತಿಗೆ ಮಗು ಲೂನಾಳನ್ನು ಬಿಟ್ಟು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಆಮೇಲೆ ಹಿಜ್ಕಿಯಾ ಮತ್ತು ರೆಯ್ನಾ ಅಣ್ಣ ತಂಗಿ ಅಂತಲೋ ಅಕ್ಕ ತಮ್ಮ ಅಂತಲೋ ಯಾರೂ ಬಿಡಿಸಿ ಹೇಳದೆ, ಒಂದೇ ತಟ್ಟೆಯಲ್ಲಿ ಉಂಡು ದೊಡ್ಡವರಾದರು.

ಹಿಜ್ಕಿಯಾ ಮೊದಲು ಅಪ್ಪನ ಜೊತೆ ಊರಂಚಿನ ಕಿನ್ನೆರೆತ್ ಸರೋವರದಲ್ಲಿ ಬಲೆ ಎಳೆದ. ಮೀನು ಕಡಿಮೆಯಾದ ವರ್ಷ ಹೈಫಾ ಬಂದರಿಗೆ ಹೋಗಿ ಮೂಟೆ ಹೊತ್ತ. ಅಲ್ಲಿ ಹಮಾಲರ ಪರವಾಗಿ ಗೋದಾಮಿನವರ ಜೊತೆ ಜಗಳಕ್ಕೆ ನಿಂತವನನ್ನು ಪಕ್ಷದ ಕಚೇರಿಯ ಝೆಲಿಗ್ ತಾರ್ಶಿಶ್ ಕಂಡ. "ಈ ಮೀನುಗಾರನಿಗೆ ಗಂಟಲಿದೆ" ಅಂದ. ಮೊದಲು ಸಂಘದ ಕಾರ್ಯದರ್ಶಿ, ಆಮೇಲೆ ಸಂಸತ್ತು, ಆಮೇಲೆ ವಸತಿ ಮಂತ್ರಿ, ಸಭಾಪತಿ. ಒಂದೊಂದು ಮೆಟ್ಟಿಲಲ್ಲೂ ತಾರ್ಶಿಶ್ ಕೈ ಕೊಟ್ಟು ಮೇಲೆಳೆದ. ತಾನೂ ಹಣಕಾಸು ಮಂತ್ರಿಯಾದ.

ಹಿಜ್ಕಿಯಾನಿಗಿದ್ದ ದೊಡ್ಡ ಆಸ್ತಿ ಅವನ ಹೆಸರು. ದೇಶಕ್ಕೆಲ್ಲ ಮನೆ ಕಟ್ಟಿಸಿದ ಮಂತ್ರಿ ತಾನು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಸ್ವಂತ ತಮ್ಮನ ಮಗ ಬಂದರಿನಲ್ಲಿ ಕೂಲಿಗೆ ಸೇರಿಸಿ ಅಂತ ಬಂದಾಗ, ಸಾಲಿನಲ್ಲಿ ನಿಲ್ಲು ಅಂತ ಕಳಿಸಿದ್ದ. ತಿಬೇರಿಯದಲ್ಲಿ ಅದೊಂದು ಗಾದೆಯೇ ಆಗಿಹೋಯಿತು: ಹಿಜ್ಕಿಯಾನಿಂದ ಏನಾದರೂ ಆಗಬೇಕಿದ್ದರೆ ಪರರ ಹೊಟ್ಟೆಯಲ್ಲಿ ಹುಟ್ಟಬೇಕು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಒಳಗೊಳಗೇ ಹಿತವಾಗುತ್ತಿತ್ತು.

ಅಧ್ಯಕ್ಷನಾದ ಮೂರನೆಯ ಬೇಸಿಗೆ, ಒಂದೇ ಬೆಳಿಗ್ಗೆ ಎರಡು ಕ್ಷಮಾದಾನದ ಅರ್ಜಿಗಳು ಮೇಜಿಗೆ ಬಂದವು. ಒಂದು ತಾರ್ಶಿಶನದು. ಗುತ್ತಿಗೆದಾರರಿಂದ ಲಂಚ ತಿಂದದ್ದು ರುಜುವಾತಾಗಿ ಅವನು ಜೈಲು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಇನ್ನೊಂದು ರೆಯ್ನಾಳ ಮಗ ಬೆಖೋರನದು. ದೋಣಿಯ ಪಾಲುದಾರನ ಜೊತೆ ಬಲೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಅವನು ನೂಕಿದ್ದ. ಆ ಮನುಷ್ಯ ದಡದ ಕಲ್ಲಿಗೆ ತಲೆ ಬಡಿದು ಸತ್ತುಹೋದ. ಶಿಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು.

ಅಧ್ಯಕ್ಷರ ಕಚೇರಿಯ ಮುಖ್ಯಸ್ಥೆ ತಿರ್ಸಾ ವಕೀಲಿಕೆ ಓದಿದವಳು, ಮಾತು ಕಡಿಮೆ. ಅವಳು ನಿಂತುಕೊಂಡೇ ಹೇಳಿದಳು.

"ತಾರ್ಶಿಶ್ ಅವರದ್ದಕ್ಕೆ ನ್ಯಾಯ ಇಲಾಖೆ ಬೇಡ ಅಂದಿದೆ. ಬೆಖೋರನಿಗೆ ಎರಡು ವರ್ಷ ಕಡಿಮೆ ಮಾಡಬಹುದು ಅಂದಿದೆ."

"ಬೆಖೋರ್ ನನಗೇನಾಗಬೇಕು ಅಂತ ಇಲಾಖೆಗೆ ಗೊತ್ತಾ?"

"ಇಡೀ ದೇಶಕ್ಕೇ ಗೊತ್ತು, ಅಧ್ಯಕ್ಷರೇ. ರೇಡಿಯೊದಲ್ಲಿ ಕೇಳಿದ್ದಾರಲ್ಲ."

"ಹಾಗಾದ್ರೆ ಬೇಡ."

"ಸತ್ತವನ ಅಣ್ಣನೇ ತನ್ನದೇನೂ ಅಡ್ಡಿಯಿಲ್ಲ ಅಂದಿದ್ದಾನೆ."

"ತಿರ್ಸಾ, ನನ್ನವರಿಗೆ ಒಂದು ಕೂಲಿ ಕೆಲಸಕ್ಕೂ ನಾನು ಬಾಯಿ ಬಿಟ್ಟು ಹೇಳಿದವನಲ್ಲ. ಈಗ ಹೇಳ್ತೀನಾ?"

"ನೀವು ಹೇಳ್ತಿಲ್ಲ. ಇಲಾಖೆ ಹೇಳ್ತಿದೆ."

ಅವನು ಬೆಖೋರನ ಅರ್ಜಿಯ ಮೇಲೆ ತಿರಸ್ಕರಿಸಿದ್ದೇನೆಂದು ಬರೆದ. ಕಷ್ಟದ್ದಾದರೂ ನ್ಯಾಯದ ಕೆಲಸ ಮಾಡಿದೆ ಅನ್ನುವ ಒಂದು ಬಿಗುಮಾನ ಅವನಿಗಿತ್ತು. ಆಮೇಲೆ ತಾರ್ಶಿಶನ ಅರ್ಜಿಯನ್ನು ಎಳೆದುಕೊಂಡ. ಪಕ್ಷದವರು ವಾರದಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ತಾರ್ಶಿಶನ ಹೆಂಡತಿ ಬಂದು ಇದೇ ಕುರ್ಚಿಯಲ್ಲಿ ಕೂತು ಅತ್ತು ಹೋಗಿದ್ದಳು.

"ಅವನ ಹೃದಯ ಸರಿಯಿಲ್ಲ," ಅಂದ ಹಿಜ್ಕಿಯಾ.

"ಜೈಲಿನ ಡಾಕ್ಟರು ಸರಿಯಿದೆ ಅಂದಿದ್ದಾರೆ."

"ಎಪ್ಪತ್ತು ದಾಟಿದ ಮನುಷ್ಯ, ತಿರ್ಸಾ."

ಅವನು ಸಹಿ ಹಾಕಿದ. ನ್ಯಾಯ ಮಂತ್ರಿಯೂ ಅದೇ ಪಕ್ಷದವನು. ಅವನ ಸಹಿಯೂ ಬೇಕಿತ್ತು, ಅದು ಅದೇ ಸಂಜೆ ಬಿತ್ತು. ತಾರ್ಶಿಶ್ ಮರುದಿನ ಮನೆಗೆ ಹೋದ. ವಾರ ಕಳೆಯುವುದರಲ್ಲಿ ಕೈಸಾರಿಯದ ಸಮುದ್ರದ ದಂಡೆಯಲ್ಲಿ ಅವನು ಚಡ್ಡಿ ಹಾಕಿಕೊಂಡು ಬಿರುಸಾಗಿ ನಡೆಯುತ್ತಿದ್ದ ಚಿತ್ರ ಪತ್ರಿಕೆಯಲ್ಲಿ ಬಂತು.

ಶರತ್ಕಾಲದಲ್ಲಿ ಪರ್ಣಶಾಲೆಗಳ ಹಬ್ಬ ಬಂತು. ಆ ಹಬ್ಬದಲ್ಲಿ ಅಧ್ಯಕ್ಷರ ನಿವಾಸದ ತೋಟದಲ್ಲಿ ದೊಡ್ಡ ಚಪ್ಪರ ಹಾಕಿ, ಬಾಗಿಲು ತೆರೆದಿಟ್ಟು, ಬಂದವರಿಗೆಲ್ಲ ಅಧ್ಯಕ್ಷ ಕೈ ಕುಲುಕುವುದು ಪದ್ಧತಿ. ಹಿಜ್ಕಿಯಾನಿಗೆ ವರ್ಷದಲ್ಲಿ ಅತಿ ಇಷ್ಟದ ದಿನ ಅದು. ಆ ಸಲ ಮಾತ್ರ ಬೆಳಿಗ್ಗೆಯಿಂದಲೇ ಹಬ್ಬ ಮುಳ್ಳಾಯಿತು. ಸಾಲಿನಲ್ಲಿ ಬಂದ ಒಬ್ಬ ಟ್ಯಾಕ್ಸಿಯವನು ಕೈ ಕುಲುಕುತ್ತ, "ತಾರ್ಶಿಶ್ ಹೃದಯ ಹೇಗಿದೆ ಅಧ್ಯಕ್ಷರೇ? ಓಟದ ಪಂದ್ಯಕ್ಕೆ ಸೇರಿದ್ರಂತಲ್ಲ," ಅಂದ. ಹಿಂದಿದ್ದವರು ಕಿಸಕ್ಕನೆ ನಕ್ಕರು. ಹಿಜ್ಕಿಯಾ "ಹಬ್ಬದ ಶುಭಾಶಯ" ಅಂದು ಕೈ ಬಿಡಿಸಿಕೊಂಡ.

ಅದಾದ ಸ್ವಲ್ಪ ಹೊತ್ತಿಗೆ ಎದುರು ರೆಯ್ನಾ ನಿಂತಿದ್ದಳು. ತಲೆಗೆ ಹೂವಿನ ಚೌಕ, ಕಂಕುಳಲ್ಲಿ ತಗಡಿನ ಡಬ್ಬಿ. ಜೊತೆಗೆ ಮೀನುಪೇಟೆಯ ನಾಲ್ಕೈದು ಹೆಂಗಸರು.

"ಏನೋ ಹಿಜ್ಕಿ, ನಿನ್ನ ಕೈ ಮುಟ್ಟೋಕೆ ಇಷ್ಟು ಹೊತ್ತು ನಿಲ್ಲಬೇಕಾ? ಚಿಕ್ಕೋನಾಗಿದ್ದಾಗ ಈ ಕೈಯನ್ನ ತೊಳೆಯೋಕೆ ಅಟ್ಟಿಸಿಕೊಂಡು ಓಡಬೇಕಿತ್ತು."

"ಫೋನ್ ಮಾಡಬಾರದಿತ್ತಾ ರೆಯ್ನಾ? ಹಿಂದಿನ ಬಾಗಿಲಿಂದ ಕರೆಸಿಕೊಳ್ತಿದ್ದೆ."

"ನಿನ್ನ ಮನೆಗೆ ಹಿಂದಿನ ಬಾಗಿಲು ಇಲ್ಲ ಅಂತಾರಪ್ಪ ಎಲ್ಲಾರೂ." ಅವಳು ಡಬ್ಬಿ ಮುಂದೆ ಮಾಡಿದಳು. "ಉಪ್ಪು ಮೀನು. ನಿನ್ನ ಪೊಲೀಸಪ್ಪ ಮೂಸಿ ಮೂಸಿ ನೋಡಿದ. ಬಾಂಬಲ್ಲ ಕಣೋ, ಸಾರ್ಡೀನು ಅಂದೆ. ಇದಕ್ಕಿಂತ ಬಾಂಬೇ ವಾಸಿ ಅಜ್ಜಿ ಅಂದ."

ಹೆಂಗಸರು ನಕ್ಕರು, ಹಿಜ್ಕಿಯಾನೂ ನಕ್ಕ. ರೆಯ್ನಾ ಅವನ ಕೈ ಬಿಡಲಿಲ್ಲ. ಅವಳ ದನಿ ತಗ್ಗಿತು, ಆದರೆ ಹಿಂದಿದ್ದವರಿಗೆ ಕೇಳದಷ್ಟೇನೂ ತಗ್ಗಲಿಲ್ಲ.

"ನಮ್ಮ ಬೆಖೋರನ ಅರ್ಜಿ ಆಗಲ್ಲ ಅಂತ ಬಂತು. ಪೇಟೆಯಲ್ಲಿ ಬಾಯಿಗೆ ಬಂದ ಹಾಗೆ ಆಡಿಕೊಂಡ್ರು. ನಾನು ಹೇಳಿದೆ, ಇದು ಹಿಜ್ಕಿ ಮಾಡಿದ್ದಲ್ಲ, ಅವನ ಕಣ್ಣಿಗೇ ಬಿದ್ದಿರಲ್ಲ, ನಡುವೆ ಯಾರೋ ಗುಮಾಸ್ತರು ವಾಪಸ್ ಅಟ್ಟಿರ್ತಾರೆ ಅಂತ. ಹೌದಲ್ವೇನೋ? ನಿನ್ನ ಕಣ್ಣಿಗೆ ಬಿದ್ದಿರಲಿಲ್ಲ ತಾನೆ?"

ಅವನ ಹಿಂದೆ ಒಂದು ಮಾರು ದೂರದಲ್ಲಿ ತಿರ್ಸಾ ನಿಂತಿದ್ದಳು. ಮುಂದೆ ಮೀನುಪೇಟೆಯ ಹೆಂಗಸರು ಅವನ ಬಾಯನ್ನೇ ನೋಡುತ್ತಿದ್ದರು. ನಿಜ ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲ ರೆಯ್ನಾ," ಅಂದ. "ನನ್ನ ಕಣ್ಣಿಗೆ ಬೀಳಲಿಲ್ಲ."

ರೆಯ್ನಾ ಇನ್ನೂ ಕೈ ಹಿಡಿದೇ ನಿಂತಿದ್ದಳು. ಏನೋ ಕಾಯುವವಳ ಹಾಗೆ ಅವನ ಮುಖ ನೋಡಿದಳು. "ಹಾಗಾದ್ರೆ..." ಅಂದು ನಿಲ್ಲಿಸಿದಳು. ಅವನು ಪಕ್ಕಕ್ಕೆ ತಿರುಗಿ, "ಇವರಿಗೆಲ್ಲ ಶರಬತ್ತು ಕೊಡಿ, ದೂರದಿಂದ ಬಂದಿದ್ದಾರೆ," ಅಂದು ಮುಂದಿನವರತ್ತ ಕೈ ಚಾಚಿದ.

"ಡಬ್ಬಿ ತಣ್ಣಗಿರೋ ಕಡೆ ಇಡು," ಅಂದು ರೆಯ್ನಾ ಮುಂದೆ ನಡೆದಳು.

ಮಧ್ಯಾಹ್ನ ಊಟದ ಮೇಜಿನ ಮೇಲೆ ಆ ಮೀನು ಬಂತು. ಹೆಂಡತಿ ಯೋಖೆವೆದ್ ಎಲ್ಲರೂ ಒಟ್ಟಾಗಿ ದುಡಿದುಣ್ಣುವ ಕಿಬ್ಬುಟ್ಸಿನಲ್ಲಿ ಬೆಳೆದವಳು, ಗಂಡನಿಗೆ ಅಂಜಿ ಗೊತ್ತಿಲ್ಲದವಳು. ಅವನು ಮೀನು ಮುಟ್ಟದ್ದನ್ನು ನೋಡಿ ಕೇಳಿದಳು. "ಏನು ಹೇಳಿದೆ ಅವಳಿಗೆ?"

"ಏನೂ ಇಲ್ಲ."

"ಏನೂ ಇಲ್ಲದ್ದಕ್ಕೆ ಸಾರ್ಡೀನು ಬಿಡೋ ಗಂಡಸಲ್ಲ ನೀನು."

ಅವನು ಎದ್ದು ಹೋಗಿ ಕೈ ತೊಳೆದ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ಒರೆಸಿಕೊಂಡ. ಅರ್ಜಿ ತಿರಸ್ಕರಿಸಿದ್ದಕ್ಕೆ ಇಷ್ಟು ದಿನ ಒಂದು ನ್ಯಾಯವಾದರೂ ಬೆನ್ನಿಗಿತ್ತು. ಈಗ ಆ ನ್ಯಾಯ ಬಾಯಿ ಬಿಟ್ಟು ಹೇಳಿಕೊಳ್ಳಲಾಗದಂಥದ್ದು ಎಂದು ಅವನ ನಾಲಿಗೆಯೇ ತೋರಿಸಿಕೊಟ್ಟಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಸಾಲಿನಲ್ಲಿ ಒಬ್ಬ ಪತ್ರಕರ್ತನೂ ಇದ್ದ. ಹಬ್ಬ ಮುಗಿಯುವುದರೊಳಗೆ ಸುದ್ದಿ ಬಂತು: ಅಧ್ಯಕ್ಷರ ಕಣ್ಣಿಗೆ ಬೀಳದಂತೆ ಬಡವರ ಅರ್ಜಿಗಳನ್ನು ಕಚೇರಿಯ ನೌಕರರು ತಡೆಯುತ್ತಿದ್ದಾರೆ. ಮರುದಿನ ತಿರ್ಸಾ ಬಾಗಿಲು ಮುಚ್ಚಿ ಒಳಗೆ ಬಂದಳು.

"ಅರ್ಜಿಗಳನ್ನ ನೋಡಿಕೊಳ್ಳೋದು ಪ್ನಿನಾ. ಇಪ್ಪತ್ತು ವರ್ಷದಿಂದ ಇಲ್ಲಿದ್ದಾಳೆ. ಬಸ್ಸಿನಲ್ಲಿ ಯಾರೋ ಅವಳ ಮುಖಕ್ಕೇ ಉಗಿದ ಹಾಗೆ ಮಾತಾಡಿದ್ರಂತೆ. ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ಅಳ್ತಿದ್ದಾಳೆ."

ಹಿಜ್ಕಿಯಾ ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟ.

"ನಾನು ಅವಳಿಗೆ ಏನು ಹೇಳಲಿ, ಅಧ್ಯಕ್ಷರೇ?"

"ಅವಳನ್ನ ಕರಿ."

ಪ್ನಿನಾ ಬಂದಳು. ಮೂಗು ಕೆಂಪಾಗಿತ್ತು. ಎಪ್ಪತ್ತಮೂರು ವರ್ಷದ ದೇಶದ ಅಧ್ಯಕ್ಷ ಎದ್ದು ನಿಂತು, "ನಿನ್ನ ತಪ್ಪೇನೂ ಇಲ್ಲಮ್ಮ. ನಾನು ಸುಳ್ಳು ಹೇಳಿದೆ," ಅಂದ. ಅವಳು ಗಾಬರಿಯಾಗಿ, "ಅಯ್ಯೋ, ಹಾಗೆಲ್ಲ ಅನ್ನಬೇಡಿ ಸಾರ್, ನಾನೇ ಎಲ್ಲೋ ಎಡವಿರ್ತೀನಿ," ಅಂದಳು. ತಪ್ಪು ಮಾಡದವಳು ಅಧ್ಯಕ್ಷನ ಸುಳ್ಳನ್ನು ತಾನೇ ಹೊರಲು ಮುಂದಾದದ್ದು ಕಂಡು ಹಿಜ್ಕಿಯಾನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ನಿಜವನ್ನು ಪತ್ರಿಕೆಗಳಿಗೆ ತಿಳಿಸುವಂತೆ ತಿರ್ಸಾಳಿಗೆ ಹೇಳಿದ. ಆದರೆ ಒಂದು ದಿನ ತಡೆಯಲು ಕೇಳಿಕೊಂಡ. ಪತ್ರಿಕೆ ಓದಿ ರೆಯ್ನಾಳಿಗೆ ಗೊತ್ತಾಗಬಾರದು, ತಾನೇ ಹೋಗಿ ಹೇಳಬೇಕು.

ತಿಬೇರಿಯದಲ್ಲಿ ಆ ದಿನ ಶರತ್ಕಾಲವಾದರೂ ಬೇಸಿಗೆಯದೇ ಧಗೆ. ಕರಿಗಲ್ಲಿನ ಹಳೆಯ ಅಂಗಳದಲ್ಲಿ ರೆಯ್ನಾ ಮೋರಿಯ ಪಕ್ಕ ಕೂತು ಮೀನಿನ ಹುರುಪೆ ಕೆರೆಯುತ್ತಿದ್ದಳು. ಕಾವಲಿನವರನ್ನು ಬೀದಿಯಲ್ಲೇ ನಿಲ್ಲಿಸಿ ಅವನು ಒಳಗೆ ಬಂದು, ಮಗುಚಿಟ್ಟ ಬುಟ್ಟಿಯ ಮೇಲೆ ಕೂತ.

"ಕೋಟು ಬಿಚ್ಚು, ಹುರುಪೆ ಹಾರತ್ತೆ," ಅಂದಳು ರೆಯ್ನಾ ತಲೆಯೆತ್ತದೆ.

"ರೆಯ್ನಾ, ಬೆಖೋರನ ಅರ್ಜಿ ನನ್ನ ಮೇಜಿಗೆ ಬಂದಿತ್ತು. ನಾನೇ ಬೇಡ ಅಂದವನು."

"ಗೊತ್ತು."

"ಗೊತ್ತು ಅಂದ್ರೆ?"

"ನಿನ್ನ ನಾಡಿ ಬಲ್ಲೋಳು ನಾನು. ಬೆಖೋರ್ ಅರ್ಜಿ ಹಾಕ್ತೀನಿ ಅಂದಾಗಲೇ ಹೇಳಿದ್ದೆ, ನಿಮ್ಮ ಮಾವ ಬೇಡ ಅಂತಾನೆ ಕಣೋ, ಅವನಿಗೆ ಅವನ ಹೆಸರೇ ಹೆಂಡ್ತಿ ಮಕ್ಕಳು ಅಂತ."

"ಮತ್ತೆ ಅಲ್ಲಿ, ಅಷ್ಟು ಜನರ ಮುಂದೆ, ಯಾಕೆ ಹಾಗೆ ಕೇಳಿದೆ?"

ರೆಯ್ನಾ ಚಾಕುವನ್ನು ಕಲ್ಲಿನ ಮೇಲಿಟ್ಟಳು. "ನೀನು ಮರ ಹತ್ತಿ ಕೂತಿದ್ದೆ. ನಾನು ಏಣಿ ತಂದಿದ್ದೆ ಕಣೋ, ನೀನು ಇಳಿಯೋಕೆ. ನನ್ನ ಕಣ್ಣಿಗೆ ಬೀಳಲಿಲ್ಲ ಅಂತೀಯ, ಆಮೇಲೆ, ಹಾಗಾದ್ರೆ ಈಗ ತರಿಸಿ ನೋಡ್ತೀನಿ ಅಂತೀಯ ಅಂದುಕೊಂಡೆ. ಸುಳ್ಳಿನ ಪಾಪ ನನ್ನ ತಲೆಗೆ, ಪುಣ್ಯ ನಿನಗೆ. ಯಾರ ಮುಂದೂ ನಿನ್ನ ಮಾತು ಕೆಳಗೆ ಬೀಳ್ತಿರಲಿಲ್ಲ. ಕೈ ಹಿಡಿದು ಕಾದೆ. ನೀನು ಏಣಿ ಇಸಕೊಂಡೆ, ಇಳೀಲಿಲ್ಲ. ಶರಬತ್ತು ಕೊಡಿ ಅಂದೆ."

ಹಿಜ್ಕಿಯಾನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಂಸತ್ತಿನಲ್ಲಿ ಬೈಗುಳ ತಿಂದಿದ್ದ, ಹೈಫಾದಲ್ಲಿ ಪೆಟ್ಟು ತಿಂದಿದ್ದ. ತನಗಾಗಿ ಒಬ್ಬಳು ಸುಳ್ಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ಬಂದು ಬಿಸಿಲಲ್ಲಿ ಸಾಲು ನಿಂತಿದ್ದಳು. ಆ ಸುಳ್ಳಿನಲ್ಲಿ ತನಗೆ ಬೇಕಾದಷ್ಟನ್ನೇ ಮುರಿದುಕೊಂಡು ಅವಳನ್ನು ಮುಂದೆ ಕಳಿಸಿದ್ದೆ ಎಂಬುದು ಅವನಿಗೆ ಈಗ ಹೊಳೆಯಿತು.

"ಮತ್ತೆ ತರಿಸ್ತೀನಿ," ಅಂದ. "ಸಹಿ ಹಾಕ್ತೀನಿ."

"ಈಗ ಹಾಕಿದ್ರೆ ನಾಚಿಕೆಗೆ ಹಾಕಿದ ಹಾಗೆ."

"ನಾಚಿಕೆಗೇ ಹಾಕ್ತೀನಿ."

"ಹಾಕು. ನಾನು ಹೆತ್ತೋಳು. ನೀನು ಯಾವುದಕ್ಕೆ ಹಾಕಿದ್ರೂ ತಗೋತೀನಿ."

ಮರುದಿನ ಪತ್ರಿಕೆಗಳಲ್ಲಿ ನಿಜ ಬಂತು: ಹಾಲು ಹಂಚಿಕೊಂಡವಳ ಮಗನಿಗೆ ಇಲಾಖೆ ಹೌದು ಅಂದರೂ ಅಧ್ಯಕ್ಷ ಇಲ್ಲ ಅಂದ, ಲಂಚ ತಿಂದ ಗೆಳೆಯನಿಗೆ ಇಲಾಖೆ ಇಲ್ಲ ಅಂದರೂ ಹೌದು ಅಂದ. ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿದ್ದರು. ಶುದ್ಧಹಸ್ತ ಅಂತ ಅವನನ್ನು ಕರೆಯುತ್ತಿದ್ದ ಪತ್ರಿಕೆಯೇ, ಶುದ್ಧವಾಗಿಟ್ಟುಕೊಂಡದ್ದು ಕೈಯನ್ನಲ್ಲ, ಹೆಸರನ್ನು ಎಂದು ಬರೆಯಿತು. ಅದು ಸರಿಯಾಗಿದೆ ಎಂದು ಹಿಜ್ಕಿಯಾನಿಗೆ ಅನ್ನಿಸಿತು.

ಅವನು ಬೆಖೋರನ ಅರ್ಜಿಗೆ ಸಹಿ ಹಾಕಿ ಕಳಿಸಿದ. ನ್ಯಾಯ ಮಂತ್ರಿಯ ಸಹಿಯೂ ಬೀಳದೆ ಅದು ಊರ್ಜಿತವಾಗುವುದಿಲ್ಲ. ಮಂತ್ರಿ ತಾನೇ ಬಂದು ಕಾಫಿ ಕುಡಿದು ಹೇಳಿದ.

"ಈಗ ಬೇಡ ಅಧ್ಯಕ್ಷರೇ. ಒಂದು ಕಲೆ ತೊಳೆಯೋಕೆ ಇನ್ನೊಂದು ಮಾಡಿದ್ರು ಅಂತಾರೆ ಜನ."

"ತಾರ್ಶಿಶ್‌ಗೆ ಒಂದು ಸಂಜೆಯಲ್ಲಿ ಹಾಕಿದ್ರಲ್ಲ."

"ಅದಕ್ಕೇ ಹೇಳ್ತಿರೋದು. ಆಗ ನೀವು ಕೇಳಿದ್ರೆ ಇದನ್ನೂ ಹಾಕ್ತಿದ್ದೆ, ಎರಡೂ ಒಟ್ಟಿಗೆ ಹೋಗಿರೋದು. ಯಾರೂ ತಿರುಗಿ ನೋಡ್ತಿರಲಿಲ್ಲ."

ಹಿಜ್ಕಿಯಾ ಮತ್ತೆ ಮತ್ತೆ ಕೇಳಿದ. ಮಂತ್ರಿ ಮತ್ತೆ ಮತ್ತೆ ನೋಡೋಣ ಅಂದ. ಅರ್ಜಿ ಮಂತ್ರಾಲಯದಲ್ಲೇ ಮಲಗಿತು.

ಚಳಿಗಾಲ ಕಳೆದು ಬೆಟ್ಟಗಳಲ್ಲಿ ಬಾದಾಮಿ ಹೂ ಉದುರುವ ಹೊತ್ತಿಗೆ ಬೆಖೋರನ ಮಗಳ ಮದುವೆ ಬಂತು. ಶುಕ್ರವಾರ ಬೆಳಿಗ್ಗೆ, ತಿಬೇರಿಯದಲ್ಲೇ, ಸರೋವರದ ದಡದ ಒಂದು ತೋಟದಲ್ಲಿ. ಜೈಲಿನವರು ತಂದೆಗೆ ಮಧ್ಯಾಹ್ನದ ತನಕ ಬಿಡುವು ಕೊಟ್ಟು, ಇಬ್ಬರು ಕಾವಲಿನವರ ಜೊತೆ ಕಳಿಸಿದ್ದರು. ಹಿಜ್ಕಿಯಾನಿಗೆ ಕರೆ ಬಂದಿತ್ತು. ಹೋಗದಿದ್ದರೆ ತಪ್ಪು, ಹೋದರೂ ತಪ್ಪು. ಯೋಖೆವೆದ್, "ಹೋಗು, ಮೂಲೆಯಲ್ಲಿ ಕೂತು ಬಾ," ಅಂದಳು.

ಅಧ್ಯಕ್ಷನಿಗೆ ಮೂಲೆ ಎಲ್ಲಿ ಸಿಗಬೇಕು? ಅವನು ಕಾಲಿಟ್ಟ ಕೂಡಲೇ ಜನ ಎದ್ದು ನಿಂತರು. ಮದುಮಕ್ಕಳತ್ತ ಇದ್ದ ಕ್ಯಾಮರಾ ಇವನತ್ತ ತಿರುಗಿತು. ಮದುವಣಗಿತ್ತಿಯ ತಂದೆ ಬಿಳಿ ಅಂಗಿ ತೊಟ್ಟು, ಇಬ್ಬರು ಕಾವಲಿನವರ ನಡುವೆ, ತನ್ನ ಮಗಳ ಮದುವೆಯಲ್ಲಿ ತಾನೇ ಹೊರಗಿನವನ ಹಾಗೆ ಒಂದು ಕಂಬಕ್ಕೆ ಒರಗಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿಜ್ಕಿಯಾ ಹತ್ತಿರ ಹೋದ. "ಬೆಖೋರ್," ಅಂದ.

"ಬನ್ನಿ ಅಧ್ಯಕ್ಷರೇ, ಬಿಸಿಲಿದೆ, ನೆರಳಲ್ಲಿ ಕೂತ್ಕೊಳ್ಳಿ," ಅಂದ ಬೆಖೋರ್, ಗೌರವವಾಗಿ. ಪಕ್ಕದ ಮನೆಯಿಂದ ತರಿಸಿದ ಕೈಯಿರುವ ಕುರ್ಚಿಯನ್ನು ಹಾಕಿಸಿದ. ಉಳಿದವರಿಗೆಲ್ಲ ಬೆಂಚುಗಳಿದ್ದವು.

ಮಂತ್ರ ಮುಗಿಯಿತು, ವರ ಪದ್ಧತಿಯಂತೆ ಗಾಜಿನ ಲೋಟ ತುಳಿದು ಒಡೆದ, ವಾದ್ಯ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕಾವಲಿನವರಲ್ಲಿ ಹಿರಿಯನು ಗಡಿಯಾರ ನೋಡಿಕೊಂಡು ಹಿಜ್ಕಿಯಾನ ಬಳಿ ಬಂದು ಬಗ್ಗಿದ.

"ಅಧ್ಯಕ್ಷರು ಯಾವಾಗ ಹೊರಡ್ತಾರೆ ಅಂತ ತಿಳೀಬಹುದಾ? ನಮ್ಮದು ಹೊತ್ತಾಯ್ತು. ತಾವು ಕೂತಿರುವಾಗ ಮದುಮಗಳ ಅಪ್ಪನ್ನ ಎಬ್ಬಿಸಿಕೊಂಡು ಹೋಗೋದು ಚೆನ್ನಾಗಿರಲ್ಲ."

ಹಿಜ್ಕಿಯಾ ಅವನ ಮುಖ ನೋಡಿದ. "ನಾನಿನ್ನೂ ಊಟ ಮಾಡಿಲ್ಲ," ಅಂದ.

ಕಾವಲಿನವನು ಹಿಂದೆ ಸರಿದ. ಹಿಜ್ಕಿಯಾ ಮೀನು ತರಿಸಿಕೊಂಡ. ಒಂದೊಂದೇ ಮುಳ್ಳು ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿಟ್ಟ. ಅನ್ನ ಹಾಕಿಸಿಕೊಂಡ. ಆಮೇಲೆ ಅಂಜೂರ, ಆಮೇಲೆ ಕಾಫಿ, ಆಮೇಲೆ ಇನ್ನೊಂದು ಕಾಫಿ. ತಿರ್ಸಾ ಬಂದು ಕಿವಿಯಲ್ಲಿ, "ಹೊತ್ತು ಮುಳುಗಿ ಸಬ್ಬತ್ತು ಶುರುವಾದ್ರೆ ಪ್ರಯಾಣ ಕೂಡದು, ಅದಕ್ಕೆ ಮೊದಲು ಜೆರುಸಲೇಮ್ ಸೇರಬೇಕು, ಈಗ ಹೊರಟ್ರೆ ಸರಿ," ಅಂದಳು. "ಸೇರದಿದ್ರೆ ಇಲ್ಲೇ ಇದ್ರಾಯ್ತು," ಅಂದ. ತಿರ್ಸಾ ಕಂಬದ ಕಡೆ ನೋಡಿದಳು, ಕಾವಲಿನವರನ್ನು ನೋಡಿದಳು. ಅರ್ಥವಾಯಿತು. ತಾನೂ ಒಂದು ಬೆಂಚಿನ ಮೇಲೆ ಕೂತಳು.

ಬೆಖೋರ್ ಮಗಳ ಜೊತೆ ಕುಣಿದ. ಅಳಿಯನ ಹೆಗಲ ಮೇಲೆ ಕೈಹಾಕಿ ಕುಣಿದ. ರೆಯ್ನಾಳನ್ನು ಬೆಂಚಿನ ಸಮೇತ ಎತ್ತಿ ಕುಣಿಸಿದರು. ಹಿಜ್ಕಿಯಾ ಕೂತೇ ಇದ್ದ. ಯಾರೋ ಹೆಂಗಸು, "ನೋಡ್ರೇ, ಅಧ್ಯಕ್ಷರಿಗೆ ನಮ್ಮ ಮೇಲೆ ಎಷ್ಟು ಪ್ರೀತಿ, ಎದ್ದು ಹೋಗ್ತಾನೇ ಇಲ್ಲ," ಅಂದಳು. ಅವನ ಕಿವಿ ಸುಟ್ಟಿತು. ಒಂದು ಸಹಿಯಿಂದ ಮಾಡಬಹುದಾಗಿದ್ದ ಕೆಲಸವನ್ನು ಈಗ ತೂಕದ ಕಲ್ಲಿನ ಹಾಗೆ ಕುರ್ಚಿಯ ಮೇಲೆ ಕೂತು ಮಾಡುತ್ತಿದ್ದ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ. ಸಿಟ್ಟು ಮಾಡಿಕೊಳ್ಳಬೇಕಾದವರು ತಟ್ಟೆಗೆ ಬಡಿಸುತ್ತಿದ್ದರು.

ಬಿಸಿಲು ಇಳಿದು ಎದುರಿನ ಬೆಟ್ಟ ಕೆಂಪಾಗುವಾಗ ಬೆಖೋರನೇ ಬಂದ. ಬೆವರಿದ್ದ.

"ಸಾಕು, ಏಳಿ," ಅಂದ ಮೆಲ್ಲಗೆ. "ಇವರಿಗೂ ಹೆಂಡ್ತಿ ಮಕ್ಕಳಿದ್ದಾರೆ. ಸಬ್ಬತ್ತಿಗೆ ಮನೆ ಸೇರಬೇಕು."

ಅದು ಕ್ಷಮೆಯೋ, ಬರಿಯ ಸೌಜನ್ಯವೋ, ಹಿಜ್ಕಿಯಾನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಎದ್ದ. ಕೂತು ಕೂತು ಮರಗಟ್ಟಿದ ಕಾಲು ತಡವರಿಸಿತು. ಬೆಖೋರ್ ಮೊಣಕೈ ಹಿಡಿದು ನಿಲ್ಲಿಸಿ, ತನ್ನ ಕಾವಲಿನವರ ಜೊತೆ ನಡೆದು ವ್ಯಾನು ಹತ್ತಿದ.

ಆ ಸಬ್ಬತ್ತು ಹಿಜ್ಕಿಯಾ ರೆಯ್ನಾಳ ಮನೆಯಲ್ಲೇ ಉಳಿದ. ಅವಳು ದೀಪ ಹಚ್ಚಿ, ಬ್ರೆಡ್ಡು ಮುರಿದು, ಮೊದಲ ತುಂಡನ್ನು ಅವನಿಗೆ ಕೊಟ್ಟಳು.

ಮರು ವರ್ಷ ಬೆಖೋರ್ ಶಿಕ್ಷೆಯ ಅವಧಿ ಮುಗಿಸಿ ಬಿಡುಗಡೆಯಾದ, ಯಾರ ಸಹಿಯ ಹಂಗೂ ಇಲ್ಲದೆ. ಹಿಜ್ಕಿಯಾನ ಅವಧಿಯೂ ಅದೇ ಬೇಸಿಗೆ ಮುಗಿಯಿತು. ಬೀಳ್ಕೊಡುಗೆಯ ಸಭೆಯಲ್ಲಿ ಮಾತಾಡಿದವರೆಲ್ಲ ಅವನ ಶುದ್ಧ ಹಸ್ತವನ್ನು ಹೊಗಳಿದರು. ಮೊದಲ ಸಾಲಿನಲ್ಲಿ ತಾರ್ಶಿಶ್ ಎದ್ದು ನಿಂತು, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ. ಹಿಜ್ಕಿಯಾ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಅದು ಮುಗಿಯುವ ತನಕ ತಲೆ ತಗ್ಗಿಸಿ ಕೂತಿದ್ದ.